ನಾಲವಾರದ ಕೌದಿಗೊಂದು ಹಿನ್ನೆಲೆ

ವಾಡಿ ಜಂಕ್ಷನ್ನನ್ನು ಬಿಟ್ಟು ರಾಯಚೂರಿನತ್ತ ಸಾಗುವ ರೈಲುಮಾರ್ಗದಲ್ಲಿ, ಯಾದಗಿರಿಯನ್ನು ಮುಟ್ಟುವುದಕ್ಕೆ ಮೊದಲೇ ನಾಲವಾರವು ಸಿಗುತ್ತದೆ. ಇಲ್ಲಿ ಇಳಿಯುವವರಲ್ಲಿ ಕೋರಿಸಿದ್ಧೇಶ್ವರ ಮಠಕ್ಕೆ ನಡೆದುಕೊಳ್ಳುವ ಭಕ್ತರುಂಟು. ಭೀಮಾತೀರದ ಸನ್ನತಿಗೆ ಹೋಗುವ ಯಾತ್ರಿಕರುಂಟು. ಸನ್ನತಿಯ ನೆರೆಯ ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ನಡೆದ ಉತ್ಖನನದಿಂದ ಬೌದ್ಧಸ್ತೂಪವೊಂದು ಬೆಳಕಿಗೆ ಬಂದಿತು. ಅದರ ಒಂದು ಫಲಕದ ಮೇಲೆ ಅರಸನ ಚಿತ್ರ. ಜೊತೆಯಲ್ಲಿಯೇ ಬ್ರಾಹ್ಮೀ ಲಿಪಿಯಲ್ಲಿ ‘ರಾಯ ಅಸೋಕೋ’ ಎಂಬ ಹೆಸರು!

ಅರಸನಿಗೆ ಒದಗಿದ ಆ ಭಾಗ್ಯವು ಈ ಸೀಮೆಯ ಕೌದಿಗಳಿಗಿಲ್ಲ. ಹಳೆಯ ಸೀರೆಗಳನ್ನು ಪದರ ಪದರವಾಗಿ ಹಾಸಿ, ಬಣ್ಣದ ತುಂಡುಗಳನ್ನು ಕೂಡಿಸಿ, ಸಾಲು ಸಾಲಾಗಿ ಹೊಲಿದವಳು ಅದರ ಮೇಲೆ ತನ್ನ ಹೆಸರನ್ನು ಬರೆಯಲಿಲ್ಲ. ಈಗಲೋ ದೂರದ ನಗರದವರು ಮೊಬೈಲಿನಲ್ಲಿ ಚಿತ್ರವನ್ನು ನೋಡಿಯೇ ಬೆಲೆಯನ್ನು ಕಟ್ಟುತ್ತಾರೆ. ಹೊರಸಿನ ಮೇಲೆ ಮುದುಡಿ ಬಿದ್ದ ಕೌದಿಯ ಚಿತ್ರವು ಚಿಂದಿಯ ಗಂಟಿನಂತೆ ಕಂಡರೆ, ತಿಂಗಳುಗಟ್ಟಲೆ ಸವೆದ ಬೆರಳುಗಳ ಕೂಲಿ ಅಲ್ಲಿಗೇ ಮುಗಿಯಿತು. ನೆಲಕ್ಕೆ ಹಾಸೋಣವೆಂದರೆ ಎಲ್ಲೆಲ್ಲೂ ಶಹಾಬಾದಿನ ಫರಸಿ. ಕಲ್ಲಿನ ಸಂದುಗಳು ಕೌದಿಯ ಸಾಲುಗಳೊಡನೆ ಜಗಳಕ್ಕೆ ನಿಲ್ಲುತ್ತವೆ.

ಹಿಂದೆ ತೆರೆ ಬೇಕೆಂಬುದು ಹೊಸ ಮಾತಲ್ಲ. ಈ ನಾಡು ನಿಜಾಮನ ಆಳ್ವಿಕೆಯಲ್ಲಿದ್ದಾಗ, 1886ರಲ್ಲಿ ಲಾಲಾ ದೀನದಯಾಳರು ಸಿಕಂದರಾಬಾದಿನಲ್ಲಿ ಸ್ಟುಡಿಯೋ ತೆರೆದರು. ಆ ಕಾಲದ ಸ್ಟುಡಿಯೋಗಳ ತೆರೆಗಳಲ್ಲಿ ಕಂಬ, ಉದ್ಯಾನಗಳೆಲ್ಲ ಇರುತ್ತಿದ್ದವು. ಕೌದಿಗೆ ಅಂತಹ ವೈಭವವು ಸಲ್ಲದು. ಅದರ ಬಣ್ಣವೇ ಸಾಕಷ್ಟು ಮಾತನಾಡುತ್ತದೆ. ಹಿಂದಿನ ಬಟ್ಟೆ ಸುಮ್ಮನಿರಬೇಕು.

ಅಚ್ಚ ಬಿಳುಪಾದರೆ ಕ್ಯಾಮರಾ ಮೋಸಹೋಗಿ ಕೌದಿಯನ್ನು ಕಪ್ಪಾಗಿಸುತ್ತದೆ; ಕಡುಗಪ್ಪಾದರೆ ಬಣ್ಣಗಳನ್ನು ಪೇಲವಗೊಳಿಸುತ್ತದೆ. ನಡುವಣ ಬೂದುಬಣ್ಣವೇ ಲೇಸು. ಮನೆಯಲ್ಲಿ ಬಳಸಿ ಮೆತ್ತಗಾದ ಎರಡು ಧೋತರಗಳನ್ನು ಗಂಜಿ ಹೋಗುವಂತೆ ಕುದಿಸಿ ಒಗೆದು, ಅಳಲೆಕಾಯಿಯ ಕಷಾಯದಲ್ಲಿ ನೆನೆಸಿ ಹಿಂಡಬೇಕು. ಬೆಲ್ಲದ ನೀರಿನಲ್ಲಿ ತುಕ್ಕುಹಿಡಿದ ಮೊಳೆಗಳನ್ನು ಕೆಲವು ವಾರ ಕೊಳೆಯಲು ಬಿಟ್ಟು, ಆ ನೀರನ್ನು ಸೋಸಿ, ಧಾರಾಳವಾಗಿ ತೆಳುಮಾಡಿ, ಧೋತರಗಳನ್ನು ಅದರಲ್ಲಿ ಅದ್ದಿದರೆ ಕಣ್ಣೆದುರಿಗೇ ಬೂದುಬಣ್ಣ ಏರತೊಡಗುತ್ತದೆ. ಕಲಂಕಾರಿಯ ಕುಶಲಿಗಳು ಕಪ್ಪನ್ನು ಪಡೆಯುವುದೂ ಇದೇ ಉಪಾಯದಿಂದ. ಆದರೆ ಇಲ್ಲಿ ಆತುರವಾಗಿ ಹೊರತೆಗೆದು ಚೆನ್ನಾಗಿ ಜಾಲಿಸಬೇಕು. ತಡವಾದರೆ ಬಟ್ಟೆ ಕಪ್ಪಾಗುವುದಲ್ಲದೆ, ಕಬ್ಬಿಣದ ಅಂಶ ನೂಲನ್ನೂ ತಿನ್ನುತ್ತದೆ. ಅಲ್ಲಲ್ಲಿ ಮೋಡದಂತೆ ಛಾಯೆ ಉಳಿದರೆ ಚಿಂತೆಯಿಲ್ಲ, ಸುಕ್ಕುಗಳು ಅದರಲ್ಲಿ ಅಡಗುತ್ತವೆ.

ಧೋತರಗಳನ್ನು ಅಗಲಕ್ಕೆ ಕೂಡಿಸಿ ಹೊಲಿಯುವಾಗ ಜೋಡಣೆ ನಟ್ಟನಡುವೆ ಬರಲಿ. ಕೌದಿ ಅದನ್ನು ಮರೆಮಾಡುತ್ತದೆ. ಮೇಲಂಚಿನಲ್ಲಿ ಬಿದಿರುಗಳು ತೂರುವಷ್ಟು ಮಡಿಕೆ, ಕೆಳಗೆ ಫರಸಿಯ ಚೂರುಗಳನ್ನು ತುಂಬಿದ ಮಡಿಕೆ. ತೆರೆಗೆ ಎರಡು ಮೊಳ ಮುಂದೆ ಇನ್ನೊಂದು ಹಗ್ಗದ ಮೇಲೆ ಕೌದಿಯನ್ನು ಇಳಿಬಿಟ್ಟರೆ ನೆರಳು ಬೀಳದು. ಬೆಳಕು ಮುಂದಿನಿಂದ ಬರಬಾರದು; ಪಡಸಾಲೆಯ ಬಾಗಿಲಿನಿಂದ, ಮಗ್ಗುಲಾಗಿ, ಓರೆಯಾಗಿ ಬರಬೇಕು. ಆಗ ಸಾಲು ಸಾಲು ಹೊಲಿಗೆಗಳು ಉಬ್ಬಿ, ಉತ್ತ ಹೊಲದ ಗೆರೆಗಳಂತೆ ಎದ್ದು ನಿಲ್ಲುತ್ತವೆ. ಕೊಳ್ಳುವವನು ಎಣಿಸಬೇಕಾದದ್ದು ಅವನ್ನೇ.

ಕೆಲಸ ಮುಗಿದ ಮೇಲೆ ತೆರೆಯನ್ನು ಮಡಿಸದೆ ಬಿದಿರಿಗೆ ಸುತ್ತಿಡಬೇಕು. ಎಂದಾದರೂ ಹರಿದರೆ, ಮುಂದಿನ ಕೌದಿಯ ಒಳಪದರಕ್ಕೆ ಅದು ಸಾಕಾಗುತ್ತದೆ.