ಲೈನ್ ಅಲ್ಲ, ಎಳೆ

ಸಾಗರದಿಂದ ಹೊರಟ ನಮ್ಮ ಕಾರು ಆ ಊರು ಮುಟ್ಟುವಾಗ ಆಗಸ್ಟ್ ಮಳೆ ಧೋ ಎಂದು ಸುರಿಯುತ್ತಿತ್ತು. ಅಡಿಕೆ ತೋಟದ ಅಂಚಿಗೆ ಒಂದು ಹೆಂಚಿನ ಮನೆ. ಒಳಗೆ ಕಾಲಿಟ್ಟರೆ, ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿ ಹಿಟ್ಟಿನ ಬಿಳಿ ಗೆರೆಗಳ ಹಸೆ ಚಿತ್ತಾರ. ದೀವರ ಹೆಂಗಸರು ಮದುವೆಯ ಹೊತ್ತಿಗೆ ಗೋಡೆಗೆ ಬರೆಯುವ ಚಿತ್ರವಿದು.

ಇಷ್ಟು ದೂರ ಬಂದದ್ದು ಮಗಳ ಶಾಲೆಯ ಕೆಲಸಕ್ಕೆ. ಇಂಗ್ಲೆಂಡಿನಲ್ಲಿ ಎ-ಲೆವೆಲ್ ಕಲೆ ಓದುವ ಮಕ್ಕಳು ತಮ್ಮ ಚಿತ್ರಗಳ ಜೊತೆಗೆ ಕನಿಷ್ಠ 1000 ಪದಗಳ ಸಂಶೋಧನಾ ಬರಹವನ್ನೂ ಕೊಡಬೇಕು. ಅವಳು ಚಿತ್ತಾರವನ್ನೇ ಆರಿಸಿಕೊಂಡಾಗ ನನಗೆ ಹೆಮ್ಮೆಯೋ ಹೆಮ್ಮೆ. ಆದರೆ ಮೊದಲ ಕರಡಿನ ಅಂಚಿನಲ್ಲಿ ಟೀಚರ್ ಒಂದೇ ಪ್ರಶ್ನೆ ಬರೆದಿದ್ದರು: ‘ಇದು ನಿನಗೆ ಹೇಗೆ ಗೊತ್ತು?’ ಅದರಲ್ಲಿದ್ದದ್ದೆಲ್ಲ ಇಂಟರ್ನೆಟ್ಟಿನಿಂದ ಹೆಕ್ಕಿದ ಮಾತು.

ಮನೆಯ ಅಜ್ಜಿ ಸಾಮಾನು ಹರಡಿದರು. ಕಪ್ಪಿಗೆ ಸುಟ್ಟ ಅಕ್ಕಿ, ಹಳದಿಗೆ ಗುರಿಗೆ ಬೀಜ, ಕುಂಚಕ್ಕೆ ಪುಂಡಿ ನಾರು. ಮಗಳು ಪುಸ್ತಕ ತೆರೆದು ನನ್ನ ಮುಖ ನೋಡಿದಳು. ಎಂದಿನಂತೆ ನಾನೇ ಬಾಯಿ ಹಾಕಿದೆ. ಅವಳ ಹರಕು ಕನ್ನಡ ಯಾರ ಕಿವಿಗೂ ಬೀಳಬಾರದೆಂಬ ಸಂಕೋಚ ನನ್ನದು.

‘ಅವಳೇ ಕೇಳ್ಲಿ ಬಿಡಿ. ನಂಗೆ ಅರ್ಥ ಆಗ್ತದೆ’ ಎಂದರು ಅಜ್ಜಿ.

‘ಅಜ್ಜಿ, ಈ ಲೈನ್... ಮೊದಲು ಯಾವ್ದು ಹಾಕೋದು?’

‘ಲೈನ್ ಅಲ್ಲ ಮಗಾ, ಎಳೆ’ ಎಂದು ಕುಂಚವನ್ನು ಅವಳ ಕೈಗೇ ಕೊಟ್ಟರು. ಅವಳ ಮೊದಲ ಎಳೆ ಅರ್ಧಕ್ಕೇ ಸೊಟ್ಟಗಾಯಿತು. ಅಜ್ಜಿ ನಗಲಿಲ್ಲ. ‘ಕುಂಚ ನೋಡ್ಬೇಡ, ಎಳೆ ಎಲ್ಲಿಗೆ ಹೋಗಿ ಮುಟ್ಬೇಕೋ ಅಲ್ಲಿ ನೋಡು’ ಎಂದರು.

ರಾತ್ರಿ ಫೋನಿನ ಧ್ವನಿಮುದ್ರಣ ಕೇಳುತ್ತಾ ಅನುವಾದ ಹೇಳಿಕೊಟ್ಟೆ. ‘ಎಳೆ’ ಬಂದಲ್ಲೆಲ್ಲ ‘ಲೈನ್’ ಎಂದೆ. ‘ಅಮ್ಮಾ, ಎಳೆ ಅಂದ್ರೆ ದಾರದ್ದೂ ಅಲ್ವಾ? ಅಜ್ಜಿ ಕುಂಚ ನಾರಿನದ್ದೇ ಅಲ್ವಾ?’ ಎಂದಳು. ನಾನು ನಿರುತ್ತರ. ಸಲೀಸಾಗಲೆಂದು ನಾನು ಕೈಬಿಟ್ಟ ಪದವೇ ಅವಳಿಗೆ ಬೇಕಾಗಿತ್ತು.

ಈಗ ಬರಹ ಆ ಪದದಿಂದಲೇ ಶುರುವಾಗುತ್ತದೆ. ‘ಎಳೆ’ ಕನ್ನಡ ಲಿಪಿಯಲ್ಲೇ ಇದೆ, ಕೆಳಗೆ ಅರ್ಥ ವಿವರಿಸುವ ಒಂದು ಪ್ಯಾರಾ. ಪಕ್ಕದಲ್ಲಿ ಅಜ್ಜಿಯ ನೇರ ಎಳೆ, ತನ್ನ ಸೊಟ್ಟ ಎಳೆ, ಎರಡರ ಫೋಟೋ.

ನಿಮ್ಮ ಮಕ್ಕಳೂ ಇಂಥ ಕೆಲಸಕ್ಕೆ ಊರಿಗೆ ಹೊರಟರೆ ಪ್ರಶ್ನೆಗಳನ್ನು ಕನ್ನಡದಲ್ಲೇ ಬರೆದುಕೊಳ್ಳಲಿ. ಧ್ವನಿ ಮುದ್ರಿಸುವ ಮೊದಲು ಅವರೇ ಒಪ್ಪಿಗೆ ಕೇಳಲಿ, ದಿನಾಂಕ ಗುರುತು ಹಾಕಿಕೊಳ್ಳಲಿ. ಅನುವಾದ ನೀವು ಮಾಡಿದ್ದಾದರೆ ಬರಹದಲ್ಲಿ ಹಾಗೆಂದೇ ಹೇಳಲಿ. ನಾವು ಪಕ್ಕದಲ್ಲಿ ಸುಮ್ಮನೆ ಕೂತರೆ ಸಾಕು. ಕಷ್ಟ ಇರುವುದು ಅದರಲ್ಲೇ!

ಅಜ್ಜಿಗೆ ಕಳಿಸಲು ಮಗಳು ಕನ್ನಡದಲ್ಲಿ ಕಾಗದ ಬರೆಯುತ್ತಿದ್ದಾಳೆ. ಕಾಗುಣಿತ ತಪ್ಪಿದ್ದರೂ ತಿದ್ದಬಾರದೆಂದು ನನಗೆ ಕಟ್ಟಪ್ಪಣೆಯಾಗಿದೆ.