ಜವುಗಿನ ಮೂಲೆಯ ಹೂವು

ಹಿತ್ತಿಲಿನಲ್ಲಿ ನೀರು ಬಸಿಯದ ಮೂಲೆಯೊಂದಿದ್ದರೆ ಗೃಹಸ್ಥನಿಗೆ ಅದೊಂದು ಚಿಂತೆಯೇ ಸರಿ. ಸ್ಕಾಟ್ಲೆಂಡಿನಲ್ಲಿ ನಾನೀಗ ವಾಸವಾಗಿರುವ ನನ್ನ ಮಗಳ ಮನೆಯ ಹಿಂದೆ, ಇಳಿಜಾರಿನ ಬುಡದಲ್ಲಿ, ಅಂತಹ ಮೂಲೆಯುಂಟು. ಸಣ್ಣ ಒರತೆಯೊಂದು ವರ್ಷವಿಡೀ ಜಿನುಗುವುದರಿಂದ ಅಲ್ಲಿ ಪಾಚಿಯೇ ಮೆರೆಯುತ್ತಿದ್ದಿತು. ಅಳಿಯಂದಿರು ಕೊಳವೆ ಹೂಳಿಸಿ, ಜಲ್ಲಿ ತುಂಬಿಸಿ, ನೆಲವನ್ನು ಒಣಗಿಸಲು ನಿಶ್ಚಯಿಸಿ ಕೆಲಸದವನನ್ನೂ ಗೊತ್ತುಮಾಡಿದ್ದರು. ಒಂದು ವರ್ಷ ತಾಳಬೇಕೆಂದು ನಾನು ಕೇಳಿದೆನು. “ಆಗಲಿ ಮಾವನವರೇ, ಆದರೆ ಒಂದೇ ವರ್ಷ” ಎಂದರು. ಅಳಿಯನ ಮನೆಯಲ್ಲಿರುವ ಮಾವನು ಅದಕ್ಕಿಂತ ಹೆಚ್ಚು ಕೇಳುವುದು ಯೋಗ್ಯವೂ ಅಲ್ಲ.

ನನ್ನ ಧೈರ್ಯಕ್ಕೆ ಕಾರಣ ನೆರೆಮನೆಯ ವೃದ್ಧೆಯೊಬ್ಬರ ತೋಟ. ಅಂತಹುದೇ ಜವುಗಿನಲ್ಲಿ ಅವರು ಪ್ರಿಮುಲಾ ಎಂಬ ಹೂಗಿಡಗಳನ್ನು ಬೆಳೆಸಿರುವರು. ನಮ್ಮ ಬಯಲುಸೀಮೆಯ ಬಿಸಿಲು ಇವಕ್ಕೆ ಸಲ್ಲದು. ಹಾಗೆಂದು ಇವು ನಮಗೆ ತೀರ ಪರಕೀಯವೂ ಅಲ್ಲ. ಸಿಕ್ಕಿಮಿನ ಹೆಸರನ್ನೇ ಹೊತ್ತ ‘ಸಿಕ್ಕಿಮೆನ್ಸಿಸ್’ ಎಂಬ ಬಗೆಯು ಹಿಮವಂತನ ತೊಯ್ದ ಹುಲ್ಲುಗಾವಲುಗಳದು; 1848ರಿಂದ 1850ರವರೆಗೆ ಆ ಸೀಮೆಯಲ್ಲಿ ಸಂಚರಿಸಿದ ಜೋಸೆಫ್ ಹೂಕರರು ಅದನ್ನು ಕಂಡು ವರ್ಣಿಸಿದರು. 1924ರಲ್ಲಿ ಟಿಬೆಟ್ಟಿನಲ್ಲಿ ದೊರೆತ ಇನ್ನೊಂದಕ್ಕೆ ಕಿಂಗ್‌ಡನ್ ವಾರ್ಡರು ತಮ್ಮ ಪತ್ನಿ ಫ್ಲೊರಿಂಡಾರ ಹೆಸರನ್ನಿತ್ತು ‘ಫ್ಲೊರಿಂಡೆ’ ಎಂದು ಕರೆದರು. ಕುಮಾರಸಂಭವದ ಹಿಮಾಲಯವನ್ನು ಮೂವತ್ತು ವರ್ಷ ಪಾಠ ಹೇಳಿದ ನನಗೆ ಆ ಪರ್ವತದ ಹೂವು ಕಾಣಸಿಕ್ಕಿದುದು ಸ್ಕಾಟ್ಲೆಂಡಿನಲ್ಲಿ!

ತೇವವನ್ನು ಬಯಸುವ ಗಿಡವೆಂದರೆ ನೀರಿನಲ್ಲಿ ಮುಳುಗಿಸಿಡತಕ್ಕದ್ದೆಂದು ಅರ್ಥವಲ್ಲ. ಬೇರಿಗೆ ಬೇಕಾದುದು ಸರಿದುಹೋಗುವ ತಣ್ಣೀರು. ನಿಂತ ನೀರಿನಲ್ಲಿ, ಅದರಲ್ಲಿಯೂ ಚಳಿಗಾಲದಲ್ಲಿ, ಬುಡವು ಕೊಳೆಯುವುದು. ಆದಕಾರಣ ಒರತೆಗೆ ಕಿರುಗಾಲುವೆಯೊಂದನ್ನು ತೋಡಿ, ಎಲೆಗೊಬ್ಬರ ಬೆರೆಸಿದ ಮಣ್ಣನ್ನು ಗೇಣುದ್ದ ಏರಿಸಿ, ಆಕೆ ಬುಡ ಸೀಳಿ ಕೊಟ್ಟ ಸಸಿಗಳನ್ನು ಸೆಪ್ಟೆಂಬರಿನಲ್ಲಿ ಅಡಿಗೊಂದರಂತೆ ನೆಟ್ಟೆನು. ಮಧ್ಯಾಹ್ನ ಅಲ್ಲಿ ಮರದ ನೆರಳು ಬೀಳುವುದೂ ಅನುಕೂಲವೇ.

ಡಿಸೆಂಬರಿಗೆ ಎಲೆಗಳೆಲ್ಲ ಕರಗಿಹೋದವು. ಗಿಡ ಸತ್ತಿತೆಂದು ಕೆಲಸದವನಿಗೆ ಹೇಳಿಕಳುಹಿಸಲು ಅಳಿಯಂದಿರು ಸಿದ್ಧರಾದರು. ಮಣ್ಣನ್ನು ಬೆರಳಿನಿಂದ ಸರಿಸಿ, ಅವರೆಯ ಕಾಳಿನಂತಹ ಕುಡಿಯನ್ನು ತೋರಿಸಿ ತಡೆದೆನು. ವಸಂತದಲ್ಲಿ ಚಿಪ್ಪಿಲ್ಲದ ಬಸವನಹುಳುಗಳು ಎಳೆಯೆಲೆಗೆ ಮುತ್ತಿದವು. ರಾತ್ರಿ ಮಗಳು ದೀಪ ಹಿಡಿದಳು, ನಾನು ಹುಳು ಆಯ್ದೆನು.

ಜೂನಿನಲ್ಲಿ ಸಿಕ್ಕಿಮೆನ್ಸಿಸ್ ಅರಳಿತು, ಜುಲೈಯಲ್ಲಿ ಫ್ಲೊರಿಂಡೆ. ಎರಡರದೂ ತೂಗುವ ಹಳದಿ ಗಂಟೆಗಳು, ತೊಟ್ಟಿಗೆ ವಿಭೂತಿ ಬಳಿದಂತೆ ಬಿಳಿಯ ಹುಡಿ, ಹಿತವಾದ ಕಂಪು. ಕೆಲಸಕ್ಕೆ ಹೊರಟ ಅಳಿಯಂದಿರು ದಿನವೂ ಒಮ್ಮೆ ಅತ್ತ ಹೋಗಿ ಬರುವುದನ್ನು ನಾನು ಕಿಟಕಿಯಿಂದ ಕಂಡೆನು. ಕೊಳವೆಯ ಮಾತನ್ನು ನಾನಾಗಿ ಎತ್ತಲಿಲ್ಲ.

ಬೀಜವು ಮಾಗಿದೊಡನೆ ಬಿತ್ತಿದರೆ ಚೆನ್ನಾಗಿ ಮೊಳೆಯುವುದು. ಮೇಲೆ ಮಣ್ಣು ಮುಚ್ಚಬಾರದು. ಅದಕ್ಕೆ ಬೇಕಾದ ಮಡಿಯನ್ನು ಈ ಸಲ ಅಳಿಯಂದಿರೇ ಸಿದ್ಧಪಡಿಸಿರುವರು.