ಕಪ್ಪು ರೊಟ್ಟಿಯ ನೆಂಟಸ್ತಿಕೆ

ಮದ್ದೂರು ಕಡೆಯ ನಿವೃತ್ತ ಮೇಷ್ಟ್ರೊಬ್ಬರು 2019ರ ಬೇಸಿಗೆಯಲ್ಲಿ ಮಗಳ ಮನೆಗೆಂದು ಹೆಲ್ಸಿಂಕಿಗೆ ಹೋದರು. ಪೆಟ್ಟಿಗೆಯಲ್ಲಿ ಐದು ಕಿಲೋ ರಾಗಿಹಿಟ್ಟು. ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ. ಉಳಿದದ್ದಕ್ಕೆಲ್ಲ ಮಗಳಿದ್ದಾಳೆ, ಮುದ್ದೆಗೆ ಯಾರಿದ್ದಾರೆ ಎಂಬುದು ಅವರ ಲೆಕ್ಕ. ಮೂರನೆಯ ವಾರಕ್ಕೆ ಹಿಟ್ಟು ಮುಗಿಯಿತು. ವಾಪಸಾಗಲು ಇನ್ನೂ ಎರಡು ತಿಂಗಳಿತ್ತು.

ಮಗಳು ತಂದು ಮುಂದಿಟ್ಟದ್ದು ಮಣ್ಣಿನ ಬಣ್ಣದ, ಹುಳಿ ವಾಸನೆಯ, ಹಲ್ಲಿಗೆ ಕೆಲಸ ಕೊಡುವ ಬ್ರೆಡ್ಡು. "ಇದು ರೈ ಅಪ್ಪ. ಇಲ್ಲಿಯವರ ರಾಗಿ ಅಂದ್ಕೊಳ್ಳಿ." ಹೆಸರು ಕೇಳಿ ಮೇಷ್ಟ್ರು ಸಾಸಿವೆ ಎಂದುಕೊಂಡರು, ಹಿಂದಿಯಲ್ಲಿ ಸಾಸಿವೆಗೂ ಅಂಥದೇ ಹೆಸರು. ಒಂದು ತುಂಡು ಅಗಿದು, "ಹಳಸೋಗಿದೆ ಕಣವ್ವ" ಅಂದರು.

ಹಳಸಿರಲಿಲ್ಲ, ಹುದುಗಿತ್ತು. ದೋಸೆ ಹಿಟ್ಟಿನಂತೆ ರೈ ಹಿಟ್ಟನ್ನೂ ಹುಳಿ ಬರಿಸಿಯೇ ಸುಡುತ್ತಾರೆ. ಧಾನ್ಯದೊಳಗಿನ ಫೈಟೇಟ್ ಇದರಿಂದ ಒಡೆದು, ಅದು ಹಿಡಿದಿಟ್ಟ ಕಬ್ಬಿಣ, ಸತುವು ಮೈಗೆ ದಕ್ಕುವುದು ಸುಲಭವಾಗುತ್ತದೆ. ಗೋಧಿ ಹಿಂಜರಿಯುವ ಚಳಿಯಲ್ಲಿ, ಬಡ ಮಣ್ಣಿನಲ್ಲಿ ಬರುವ ಬೆಳೆ ಇದು. ಪಶ್ಚಿಮ ಫಿನ್ಲೆಂಡಿನ ಹಳ್ಳಿಗಳಲ್ಲಿ ವರ್ಷಕ್ಕೆ ಕೆಲವೇ ಸಲ ಒಲೆ ಹೂಡಿ, ನಡುವೆ ತೂತಿರುವ ರೊಟ್ಟಿ ಸುಟ್ಟು, ಕೋಲಿಗೆ ಪೋಣಿಸಿ ಸೂರಿನಡಿ ಒಣಗಲು ಬಿಡುತ್ತಿದ್ದರು. ದೇಶಕ್ಕೆ ಸ್ವಾತಂತ್ರ್ಯ ಬಂದು ನೂರು ತುಂಬಿದ 2017ರಲ್ಲಿ ಜನ ಮತ ಹಾಕಿ ರೈ ರೊಟ್ಟಿಯನ್ನೇ ರಾಷ್ಟ್ರೀಯ ತಿನಿಸೆಂದು ಆರಿಸಿದರು. "ಮತ ಹಾಕಿದರೇ?" ಎಂದು ಮೇಷ್ಟ್ರು ಎರಡು ಸಲ ಕೇಳಿದರು.

ಕೇಳಲು ಕಾರಣವಿತ್ತು. ಅವರ ಬಾಲ್ಯದಲ್ಲಿ ಅನ್ನ ಹಬ್ಬದ ಊಟ, ಮುದ್ದೆ ದಿನದ್ದು. ಕೆಲಸ ಸಿಕ್ಕಿ ಪೇಟೆ ಸೇರಿದ ಮೇಲೆ, ಒಮ್ಮೆ ಶಾಲೆಯ ಸಹೋದ್ಯೋಗಿಗಳು ಊಟಕ್ಕೆ ಬಂದ ದಿನ, ತಾಯಿಯ ಮುದ್ದೆಯ ತಟ್ಟೆಯನ್ನು ಅವರೇ ಒಳಗೆ ಸರಿಸಿದ್ದರು. ಅವ್ವ ಏನೂ ಅನ್ನಲಿಲ್ಲ. ಅಡುಗೆಮನೆಯಲ್ಲೇ ಕೂತು ಉಂಡಳು. ಮೂವತ್ತು ವರ್ಷ ಬಿಳಿ ಅನ್ನ ಉಂಡು, ಡಾಕ್ಟರ ಚೀಟಿ ಹಿಡಿದು ಮೇಷ್ಟ್ರು ರಾಗಿಗೆ ಮರಳುವ ಹೊತ್ತಿಗೆ ಅವ್ವ ಇರಲಿಲ್ಲ.

ರೈ, ರಾಗಿಗಳ ನೆಂಟಸ್ತಿಕೆ ಸಿಪ್ಪೆಯದು. ರಾಗಿ ಕಾಳು ಬಲು ಸಣ್ಣದು. ಅಕ್ಕಿಯಂತೆ ಪಾಲಿಶ್ ಮಾಡುವುದು ಸಾಮಾನ್ಯ ಗಿರಣಿಯ ಕೈಲಾಗದು, ಸಿಪ್ಪೆಸಹಿತ ಬೀಸಬೇಕು. ಫಿನ್ಲೆಂಡಿನಲ್ಲಿ ರೈಯನ್ನೂ ಹೆಚ್ಚಾಗಿ ಇಡಿಯಾಗಿಯೇ ಬೀಸುತ್ತಾರೆ. ನೂರು ಗ್ರಾಂ ರೈಯಲ್ಲಿ ನಾರು ಸುಮಾರು 15 ಗ್ರಾಂ, ರಾಗಿಯಲ್ಲಿ 11. ಸುಣ್ಣದ ಅಂಶದಲ್ಲಿ ಮಾತ್ರ ರಾಗಿಯದು 340 ಮಿಲಿಗ್ರಾಂ ದಾಟುತ್ತದೆ. ರೈ ಅದರ ಹತ್ತಿರವೂ ಸುಳಿಯದು. ರೈ ರೊಟ್ಟಿ ತಿಂದಾಗ ರಕ್ತದ ಸಕ್ಕರೆ ಬಿಳಿ ಬ್ರೆಡ್ಡಿಗಿಂತ ತೀರ ಕಡಿಮೆ ಏರದಿದ್ದರೂ, ಅದನ್ನು ಸಂಭಾಳಿಸಲು ಬೇಕಾಗುವ ಇನ್ಸುಲಿನ್ ಕಡಿಮೆ ಎಂಬುದನ್ನು ಅಲ್ಲಿನ ಸಂಶೋಧಕರು ಗಮನಿಸಿದ್ದಾರೆ. ಹಾಗೆಂದು ಎರಡೂ ಔಷಧಿಯಲ್ಲ. ನುಣ್ಣಗೆ ಬೀಸಿದ ಹಿಟ್ಟಿನ ಮುದ್ದೆ ಮೂರು ನುಂಗಿ, ಸಕ್ಕರೆ ಇಳಿಯಲಿಲ್ಲವೆಂದು ರಾಗಿಯನ್ನು ಬೈಯುವವರು ಬೇಕಾದಷ್ಟಿದ್ದಾರೆ. ಪಾಪ, ರಾಗಿ ಏನು ಮಾಡೀತು? ಗ್ಲುಟೆನ್ ಒಗ್ಗದವರಿಗೆ ರೈ ಸಲ್ಲ, ರಾಗಿ ಸಲ್ಲುತ್ತದೆ.

ಹೊರಡುವ ದಿನ ಪೆಟ್ಟಿಗೆಯಲ್ಲಿ ರಾಗಿಹಿಟ್ಟಿದ್ದ ಜಾಗಕ್ಕೆ ಒಣ ರೈ ರೊಟ್ಟಿಯ ಎರಡು ಕಟ್ಟು ಬಂದವು. ಊರಲ್ಲಿ ಹೆಂಡತಿ ಒಂದು ಚೂರು ಕಡಿದು ನೋಡಿ, "ಇದಕ್ಕೆ ಬಸ್ಸಾರು ಇರಬೇಕಿತ್ತು ಕಣ್ರೀ" ಎಂದರು. ಸಂಜೆ ಮಾಡಿಯೇ ಬಿಟ್ಟರು. ಮಾತಾಡಿಸಲು ಬಂದಿದ್ದ ಹಳೆಯ ಸಹೋದ್ಯೋಗಿ ಊಟಕ್ಕೆ ಕೂತಾಗ, ಮೇಷ್ಟ್ರು ಅವರ ತಟ್ಟೆಗೂ ತಮ್ಮ ತಟ್ಟೆಗೂ ಮೊದಲು ಮುದ್ದೆ ಇಡಿಸಿದರು.